ಪಿಜ್ಜಾ ಊಟ ಮತ್ತು ಮಧುಮೇಹ

ಈಚೆಗೆ ಒಂದು ಸಂಜೆ ದಂಡಿನಶಿವರದಿಂದ ನಾವು ನಾಲ್ವರು ಸ್ನೇಹಿತರು ತುಮಕೂರಿನಲ್ಲಿ ಹೊಸದಾಗಿ ತೆರೆದ ಪಿಜ್ಜಾ ಮಳಿಗೆಗೆ ಹೋಗಿದ್ದೆವು. 1996ರಲ್ಲಿ ಪಿಜ್ಜಾ ಹಟ್ ಭಾರತದ ತನ್ನ ಮೊದಲ ಮಳಿಗೆಯನ್ನು ಬೆಂಗಳೂರಿನಲ್ಲಿ ತೆರೆದಾಗ ಅದು ನಗರದವರ ತಿನಿಸಾಗಿತ್ತು. ಇಂದು ಕೊಬ್ಬರಿ ಸೀಮೆಯ ಮೊಮ್ಮಕ್ಕಳೂ ಅದನ್ನು ಬಲ್ಲರು. ರುಚಿಯಾಗಿತ್ತೆಂಬುದನ್ನು ಮರೆಮಾಚಲಾರೆವು.

ಮೈದಾ, ಚೀಸ್ ಎರಡೂ ಗುರು, ಅಂದರೆ ಜೀರ್ಣಕ್ಕೆ ಭಾರ. ಜಠರದ ಒಂದು ಭಾಗ ಘನಾಹಾರಕ್ಕೆ, ಒಂದು ಭಾಗ ದ್ರವಕ್ಕೆ, ಉಳಿದೊಂದು ಭಾಗ ವಾತ-ಪಿತ್ತ-ಕಫಗಳಿಗೆ ಎಂದು ಚರಕಸಂಹಿತೆಯ ವಿಮಾನಸ್ಥಾನ ವಿಧಿಸುತ್ತದೆ. ಆದರೂ ಕೊನೆಗೆ ಎರಡು ತುಂಡುಗಳು ಉಳಿದಾಗ, ಪ್ರಸಾದವನ್ನು ಬಿಡಬಾರದೆಂದು ಮಧುಮೇಹವುಳ್ಳ ಸ್ನೇಹಿತರೊಬ್ಬರು ಅವನ್ನೂ ಸ್ವೀಕರಿಸಿದರು. ವೈದ್ಯರಾದ ನಾವೂ ತಡೆಯಲಿಲ್ಲ. (ನಿಯಮ ಉತ್ತಮವೇ, ಆದರೆ ಅದರ ಪಾಲನೆ ನೀಡಿಸಿಕೊಳ್ಳುವಾಗಲೇ ಆರಂಭವಾಗಬೇಕು.)

ಊಟವಾದ ಎರಡು ಗಂಟೆಗೆ ಅವರು ರಕ್ತದ ಸಕ್ಕರೆ ನೋಡಿಕೊಂಡು ನಿಶ್ಚಿಂತರಾಗಿ ಮಲಗಿದರು. ಬೆಳಗಿನ ಜಾವ ನೋಡಿದಾಗ ಅದು ಬಹಳ ಏರಿತ್ತು. ಜಿಡ್ಡು ಆಹಾರವನ್ನು ಜಠರದಲ್ಲಿ ಹೆಚ್ಚು ಹೊತ್ತು ತಡೆಯುತ್ತದೆ. ಆದುದರಿಂದ ಹಿಟ್ಟಿನ ಸಕ್ಕರೆ ತಡವಾಗಿ, ಬಹಳ ಹೊತ್ತಿನವರೆಗೆ ರಕ್ತಕ್ಕೆ ಸೇರುತ್ತಿರುತ್ತದೆ. ಮಧುಮೇಹವುಳ್ಳ ಭಕ್ತರು ಇಂತಹ ಊಟವನ್ನು ಹಗಲಿನಲ್ಲಿ, ಹಸಿದಾಗ, ಒಂದೆರಡು ತುಂಡುಗಳಿಗೆ ಮುಗಿಸಿ, ಐದಾರು ಗಂಟೆಗಳ ನಂತರವೂ ಸಕ್ಕರೆ ನೋಡಿಕೊಳ್ಳಬೇಕು. ಮಾತ್ರೆಯನ್ನಾಗಲಿ ಇನ್ಸುಲಿನ್ ಅನ್ನಾಗಲಿ ತಾವಾಗಿಯೇ ಹೆಚ್ಚಿಸಿಕೊಳ್ಳಬಾರದು. ಮುಂದಿನ ಸಲ ನಾಲ್ವರಿಗೂ ಸೇರಿ ಒಂದೇ ಪಿಜ್ಜಾ ಎಂದು ನಾವು ಒಪ್ಪಿಕೊಂಡಿದ್ದೇವೆ.