ಸೇ, ಟೆಲ್: ಯಾವುದು ಎಲ್ಲಿ?

ಪ್ರಶ್ನೆ: ಸಂದರ್ಶನದಲ್ಲಿ ‘ಸೇ’, ‘ಟೆಲ್’ ನಡುವೆ ತಡವರಿಸುತ್ತೇನೆ ಎಂದು ಹಾಸನದ ಪದವೀಧರೆಯೊಬ್ಬರು ಬರೆದಿದ್ದಾರೆ.

ಉತ್ತರ: ಕನ್ನಡದಲ್ಲಿ ಎರಡಕ್ಕೂ ‘ಹೇಳು’ ಸಾಕು, ಹಾಗಾಗಿ ಈ ಗೊಂದಲ ಸಹಜ. ಯಾರಿಗೆ ಹೇಳಿದ್ದು ಎಂಬುದನ್ನು ಮೊದಲು ಗಮನಿಸಿ. ‘ಟೆಲ್’ ಬಂದರೆ ಸಾಮಾನ್ಯವಾಗಿ ಕೇಳುಗರು ಅದರ ಬೆನ್ನಿಗೇ ಬರಬೇಕು: ‘ಶಿ ಟೋಲ್ಡ್ ಮಿ’. ‘ಸೇ’ ಬಂದರೆ ಕೇಳುಗರಿಗೆ ಮುಂಚೆ ‘ಟು’ ಬೇಕು: ‘ಶಿ ಸೆಡ್ ಸಮ್‌ಥಿಂಗ್ ಟು ಮಿ’. ‘ಶಿ ಸೆಡ್ ಮಿ’, ‘ಶಿ ಟೋಲ್ಡ್ ಟು ಮಿ’ ಎರಡೂ ತಪ್ಪು.

‘ಟೆಲ್ ದ ಟ್ರೂತ್’, ‘ಟೆಲ್ ಎ ಲೈ’, ‘ಟೆಲ್ ಎ ಸ್ಟೋರಿ’ಗಳಿಗೆ ಕೇಳುಗರು ಬೇಕೆಂದಿಲ್ಲ. ಇವನ್ನು ಇಡಿಯಾಗಿ ಬಾಯಿಪಾಠ ಮಾಡಿ.

ದಿನಕ್ಕೆ ಐದು ವಾಕ್ಯ ಬರೆದು, ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಉದಾಹರಣೆಗಳ ಜೊತೆ ಹೋಲಿಸಿ. ಆಮೇಲೆ ಗಟ್ಟಿಯಾಗಿ ಓದಿ. ತಿಂಗಳಾದರೂ ತಪ್ಪು ಮರುಕಳಿಸಿದರೆ, ನಿಮ್ಮ ಮಾತು ಕೇಳಿ ಅಲ್ಲಲ್ಲೇ ತಿದ್ದುವ ಇಂಗ್ಲಿಷ್ ಶಿಕ್ಷಕರನ್ನು ಕಾಣಿ.