‘ಕೊಂಟಿಂಗೆಂಟ್’: ಪಾಲಿಗೆ ಬಂದದ್ದೋ, ಹೊರಿಸಿದ್ದೋ?

ಡಚ್ ಭಾಷೆಯ ‘ಕೊಂಟಿಂಗೆಂಟ್’ ಎಂಬ ಪದಕ್ಕೆ ‘ಗೊತ್ತುಪಡಿಸಿದ ಪಾಲು’ ಎಂದರ್ಥ. ಇದರ ಮೂಲ ‘ತಾಗು, ಒದಗು’ ಎಂಬರ್ಥದ ಲ್ಯಾಟಿನ್ ಕ್ರಿಯಾಪದ. ಅಂದರೆ ಒಬ್ಬನ ಪಾಲಿಗೆ ಒದಗಿ ಬಂದುದು. ‘ಪಾಲಿಗೆ ಬಂದದ್ದು ಪಂಚಾಮೃತ’ ಎನ್ನುವ ಕನ್ನಡಿಗರಿಗೆ ಈ ಕಲ್ಪನೆ ಹೊಸದಲ್ಲ. ಗಾದೆಯಲ್ಲಿಯೂ ಪಾಲು ತಾನಾಗಿಯೇ ಬರುತ್ತದೆ, ಹಂಚಿದವನು ಕಾಣುವುದಿಲ್ಲ. ಅನುವಾದಕನ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಮಿತ್ರಕೂಟದ ಪ್ರತಿಯೊಬ್ಬ ಸದಸ್ಯನು ಕಳುಹಿಸಬೇಕಾದ ಸೈನಿಕರ ತುಕಡಿಗೂ ಈ ಪದ ಸಲ್ಲುತ್ತದೆ. ಇಚಲಕರಂಜಿಯ ಓದುಗನಿಗೆ ಇದಕ್ಕೆ ಸಮೀಪದ ಉದಾಹರಣೆ ಮರಾಠರ ಸರಂಜಾಮು ಪದ್ಧತಿ. ಗೊತ್ತುಪಡಿಸಿದಷ್ಟು ಸವಾರರನ್ನು ಸಾಕಿ, ಕರೆ ಬಂದಾಗ ದಂಡಿಗೆ ಒದಗಿಸಬೇಕೆಂಬ ಕರಾರಿನ ಮೇಲೆ ಸರದಾರರಿಗೆ ಊರುಗಳ ಹುಟ್ಟುವಳಿಯನ್ನು ಬಿಟ್ಟುಕೊಡಲಾಗುತ್ತಿತ್ತು. 1739ರಲ್ಲಿ ಗೋವೆಯ ಪೋರ್ಚುಗೀಸರ ಮೇಲೆ ದಂಡೆತ್ತಿ ಹೋದ ವೆಂಕಟರಾವ್ ಘೋರ್ಪಡೆ ಇಚಲಕರಂಜಿಯ ಜಹಗೀರುದಾರ ಮನೆತನದವನೇ. ಪಾರಸಿ ಮೂಲದ ‘ಸರಂಜಾಮು’ ಇಂದಿನ ಕನ್ನಡದಲ್ಲಿ ಬರಿಯ ಸಾಮಗ್ರಿ. ಕುದುರೆಯೂ ಕರಾರೂ ಮರೆತುಹೋಗಿವೆ.

ಡಚ್ ಪದ ಹೆಚ್ಚು ಕಠೋರವಾದುದು ಜಾವಾ ದ್ವೀಪದಲ್ಲಿ. 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯು ತನಗೆ ಅಧೀನರಾದ ಅಲ್ಲಿಯ ಅರಸರಿಂದ ವರ್ಷಂಪ್ರತಿ ನಿಗದಿಯಾದಷ್ಟು ಅಕ್ಕಿ ಮೊದಲಾದ ಹುಟ್ಟುವಳಿಯನ್ನು ಪಡೆಯುತ್ತಿತ್ತು. ಈ ನಿಗದಿಗಳಿಗೆ ‘ಕೊಂಟಿಂಗೆಂಟನ್’ ಎಂಬ ಬಹುವಚನವನ್ನು ಬಳಸಿದರು. ಕಂಪನಿಯೇ ಕಟ್ಟಿದ ಬೆಲೆಗೆ ಕಡ್ಡಾಯವಾಗಿ ಮಾರಬೇಕಾದ ಸರಕು ಬೇರೆಯೇ ಇತ್ತು. ಒಪ್ಪಂದವಾದದ್ದು ಕಂಪನಿಗೂ ಅರಸನಿಗೂ. ಬೆಳೆದು ಹೊತ್ತು ತಂದವನು ರೈತ. 1930ರ ದಶಕದಲ್ಲಿ ಇದೇ ಪದದಿಂದ ಆಮದಿನ ಮಿತಿಯನ್ನು ಸೂಚಿಸುವ ಪದವೂ ಹುಟ್ಟಿತು.

ಇದನ್ನು ‘ಕೋಟಾ’ ಎಂದು ಕನ್ನಡಿಸಬಹುದೇ? ಕೊಲ್ಲಾಪುರದ ಶಾಹೂ ಮಹಾರಾಜರು 1902ರ ಜುಲೈ 26ರಂದು ಸಂಸ್ಥಾನದ ತೆರವಾಗುವ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದ ವರ್ಗಗಳಿಗೆ ಮೀಸಲಿಟ್ಟರು. ಅಂಥ ನಾಡಿನಲ್ಲಿ ಕೋಟಾ ಎಂದರೆ ಕೇಳಿ ಪಡೆಯಬೇಕಾದ ಹಕ್ಕು. ಜಾವಾದ ರೈತನದು ಪಡೆಯುವ ಪಾಲಲ್ಲ, ತೆರುವ ಪಾಲು. ಗಡಿಯ ಕನ್ನಡದ ‘ಹಿಸ್ಸೆ’ಯೂ ಅಣ್ಣತಮ್ಮಂದಿರ ಆಸ್ತಿಯನ್ನೇ ನೆನಪಿಸುತ್ತದೆ. ‘ಕಪ್ಪ’ ಹೆಚ್ಚು ಒಪ್ಪುವಂತಹದು. ಹಂಚಿಕೆಯ ಛಾಯೆ ಅದರಲ್ಲಿಲ್ಲವೆಂಬುದು ನಿಜ, ಆದರೆ ಅಧೀನತೆಯ ಛಾಯೆಯುಂಟು.

ಪದಕ್ಕಿಂತಲೂ ವಾಕ್ಯರಚನೆ ಮುಖ್ಯ. ‘ರೈತರ ಪಾಲಿಗೆ ಅಕ್ಕಿಯ ಕೋಟಾ ಬಂದಿತು’ ಎಂದರೆ ಮಳೆ ಬಂದಂತೆ ಅದೂ ಬಂದಿತು. ‘ಕಂಪನಿಯು ಅರಸರ ಮೇಲೆ, ಅರಸರು ರೈತರ ಮೇಲೆ ಅಕ್ಕಿಯ ಕಪ್ಪವನ್ನು ಹೊರಿಸಿದರು’ ಎಂದರೆ ವಾಕ್ಯಕ್ಕೆ ಕರ್ತೃ ದೊರೆಯುತ್ತಾನೆ.