ಸಾಂಬಾರಿಗೆ ಪಿನ್ನು ಎಲ್ಲಿಂದ ಬಂತು?



1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಊರಿನ ಕೆಫೆಯಲ್ಲಿ ಮೇ ಡೊನಹ್ಯೂ ಎಂಬ ಮಹಿಳೆ, ಶುಂಠಿ ಪಾನೀಯದ ಬಾಟಲಿಯಿಂದ ಕೊಳೆತ ಬಸವನಹುಳು ಬಿತ್ತೆಂದು ತಯಾರಕನ ಮೇಲೆ ದಾವೆ ಹಾಕಿದರು. ಕಪ್ಪು ಗಾಜಿನ ಬಾಟಲಿ. ಒಳಗಿನದು ಯಾರಿಗೂ ಕಾಣುವಂತಿರಲಿಲ್ಲ. ಕುಡಿಯುವವರ ಬಗ್ಗೆ ತಯಾರಕನಿಗೆ ಹೊಣೆ ಇದೆ ಎಂದು 1932ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

ನಮ್ಮ ಹೋಟೆಲಿನಲ್ಲಿ ತಯಾರಕರು ನಾವೇ. ಊಟದಲ್ಲಿ ಸಿಗುವ ಪ್ರತಿ ವಸ್ತುವಿಗೂ ಒಂದು ದಾರಿ ಇರುತ್ತದೆ. ಆ ದಾರಿ ಮುಚ್ಚಬೇಕು.

1. ತಂತಿ: ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರ್ ಹಳೆಯದಾದರೆ ಎಳೆ ಬಿಡುತ್ತದೆ. ಬಿಡುವ ಮೊದಲೇ ಎಸೆಯಿರಿ. ಇಡ್ಲಿ ತಟ್ಟೆಗೆ, ಗ್ರೈಂಡರಿಗೆ ಅದು ಬೇಡ.

2. ಪಿನ್ನು, ರಬ್ಬರ್ ಬ್ಯಾಂಡ್: ಪೊಟ್ಟಣ, ಸೊಪ್ಪಿನ ಕಟ್ಟು ಬಿಚ್ಚುವ ಜಾಗ ಬೇರೆ ಇರಲಿ, ಹೆಚ್ಚುವ ಮೇಜಿನ ಮೇಲೆ ಬೇಡ.

3. ಕಲ್ಲು, ಚೀಲದ ದಾರ: ಅಕ್ಕಿ, ಬೇಳೆಯನ್ನು ಒಳ್ಳೆಯ ಬೆಳಕಿನಲ್ಲಿ, ಅಗಲ ತಟ್ಟೆಯಲ್ಲಿ ಆರಿಸಿ.

4. ಗಾಜು: ಒಲೆಯ ಮೇಲಿನ ದೀಪಕ್ಕೆ ಕವರ್ ಹಾಕಿಸಿ. ಗ್ಲಾಸು ಒಡೆದರೆ ಹತ್ತಿರ ತೆರೆದಿಟ್ಟ ಪದಾರ್ಥವನ್ನೆಲ್ಲ ಚೆಲ್ಲಿಬಿಡಿ.

ಗ್ಲಾಸು ಒಡೆದ ಹುಡುಗನ ಸಂಬಳ ಕತ್ತರಿಸಬೇಡಿ. ಕತ್ತರಿಸಿದರೆ ಮುಂದಿನ ಸಲ ಅವನು ಹೇಳುವುದೇ ಇಲ್ಲ, ಚೂರು ಗಿರಾಕಿಯ ಬಾಯಿಗೆ ಹೋಗುತ್ತದೆ.

ಗಿರಾಕಿ ತೋರಿಸಿದರೆ ವಾದ ಬೇಡ. ಕ್ಷಮೆ ಕೇಳಿ, ಆ ಪಾತ್ರೆಯಿಂದ ಬಡಿಸುವುದನ್ನು ನಿಲ್ಲಿಸಿ. ಸಿಕ್ಕಿದ ವಸ್ತುವನ್ನು ಎಸೆಯದೆ, ಬಂದ ದಾರಿ ಹುಡುಕಿ.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 54ನೇ ಕಲಮಿನಂತೆ ಇದಕ್ಕೆ 1 ಲಕ್ಷ ರೂಪಾಯಿವರೆಗೆ ದಂಡವಿದೆ. ದಂಡ ಕಟ್ಟಿ ಮುಗಿಸಬಹುದು. ಮಗುವಿನ ಗಂಟಲಿಗೆ ತಂತಿ ಚುಚ್ಚಿದರೆ ಅದಕ್ಕೆ ಏನು ಕಟ್ಟುತ್ತೀರಿ?